ಹಳ್ಳ ನಿಂತ ಮಧ್ಯಾಹ್ನ

ಟಿಕ್, ಟಿಕ್, ಟಿಕ್. ಗೋಡೆ ಗಡಿಯಾರದ ಸದ್ದಿನ ಹಾಗಲ್ಲ. ಅದಕ್ಕಿಂತ ಒರಟು, ಸ್ವಲ್ಪ ನಿಧಾನ. ತಗಡಿನ ಡಬ್ಬದೊಳಗೆ ಕೂತು ಯಾರೋ ಉಗುರಿನಿಂದ ತಾಳ್ಮೆಯಾಗಿ ಕುಟ್ಟುತ್ತಿದ್ದಾರೆ ಅನ್ನುವಂಥ ಸದ್ದು. ನಮ್ಮ ಎಸ್ಟೇಟಿನ ಕೆಳಗಡೆ, ಹಳ್ಳದ ದಡದಲ್ಲಿದ್ದ ತಗಡಿನ ಗೂಡಿನೊಳಗೆ ಅದು ಹಗಲೂ ರಾತ್ರಿ ನಡೆಯುತ್ತಿತ್ತು. ಗೂಡಿನ ಬಾಗಿಲಿಗೆ ಕಿವಿ ಒತ್ತಿದರೆ ಮಾತ್ರ ಕೇಳಿಸುತ್ತಿತ್ತು. ಒಂದಿಷ್ಟು ಹಿಂದೆ ಸರಿದರೂ ಹಳ್ಳದ ಮೊರೆತ ಅದನ್ನು ಮುಚ್ಚಿಬಿಡುತ್ತಿತ್ತು. ಆ ಸದ್ದನ್ನು ನಾನು ಒಂದೇ ಒಂದು ಸಲ, ಗೂಡಿನಿಂದ ಎಷ್ಟೋ ದೂರದಲ್ಲಿ, ಕಾಫಿ ಗಿಡಗಳ ನಡುವೆ ನಿಂತು ಸ್ಪಷ್ಟವಾಗಿ ಕೇಳಿದ್ದೇನೆ. ಇಷ್ಟು ವರ್ಷವಾದ ಮೇಲೂ ಅದು ನನ್ನನ್ನು ನೆಟ್ಟಗೆ ಕೂರಲು ಬಿಟ್ಟಿಲ್ಲ.

ಮೊದಲೇ ಫ್ರ್ಯಾಂಕ್ ಆಗಿ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ನಂಬುವ ಪೈಕಿ ನಾನಲ್ಲ. ಮಂಗಳೂರಿನಲ್ಲಿ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದು ಓದಿದವಳು. ಬೆಳಿಗ್ಗೆ ಪ್ರೇಯರ್, ಆಮೇಲೆ ಫಿಸಿಕ್ಸ್. ಎರಡರ ನಡುವೆ ದೆವ್ವಕ್ಕೆ ಜಾಗವೇ ಇರಲಿಲ್ಲ. ಮದುವೆಯಾಗಿ ಬಾಳ್ಳುಪೇಟೆಯ ಒಳಗಿನ ಈ ಗುಡ್ಡಕ್ಕೆ ಬಂದ ಮೇಲೆ ನಮ್ಮ ಅಡಿಗೆಮನೆಯ ದ್ಯಾವಮ್ಮ ಸಂಜೆಗೊಂದು ಕಥೆ ಹೇಳುತ್ತಿದ್ದಳು. ಸ್ಟೋರಿನ ಹಿಂದಿನ ಮರದಲ್ಲಿ ಯಾರಿದ್ದಾರೆ, ಅಮಾವಾಸ್ಯೆಯಲ್ಲಿ ಆಳುಗಳ ಮನೆಗಳ ಲೈನಿನ ಹತ್ತಿರ ಯಾರು ಕೂಗುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ನಾನು ಪ್ರತಿ ಸಲವೂ "ನಾನ್‌ಸೆನ್ಸ್ ದ್ಯಾವಮ್ಮ" ಎನ್ನುತ್ತಿದ್ದೆ. ಕೊನೆಕೊನೆಗೆ ಅವಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಕಥೆ ಮುಗಿಸಿ, "ಹೂಂ, ಈಗ ನಾನ್ಸೆನ್ಸು ಅನ್ನಿ ಅಮ್ಮಾವ್ರೆ, ಅಂದ್ಬುಟ್ರೆ ನಾನ್ ಪಾತ್ರೆ ತೊಳ್ಯಕ್ ಹೋಯ್ತೀನಿ" ಎಂದು ನಿಂತು ಕಾಯುತ್ತಿದ್ದಳು. ಈ ಬರಹ ಓದಿ ನೀವೂ ಅದೇ ಮಾತು ಅಂದರೆ ನನಗೆ ಬೇಜಾರಿಲ್ಲ. ನಾನೇ ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಅನ್ನುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಗುಡ್ಡದಲ್ಲಿ ಹುಟ್ಟಿ, ತೋಟದ ಬುಡದಲ್ಲಿ ಹಾದು, ಕೆಳಗಿನ ಗದ್ದೆಗಳಿಗೆ ನೀರು ಕೊಟ್ಟು, ಕೊನೆಗೆ ಹೇಮಾವತಿಗೆ ಸೇರುವ ಹಳ್ಳ ಅದು. ಅದನ್ನು ಮೇಲ್ಗಡೆಯೇ ಕಟ್ಟೆ ಕಟ್ಟಿ ತಡೆದು, ಪೈಪಿನಲ್ಲಿ ದೂರದ ಪೇಟೆಗೆ ಒಯ್ಯುವ ಯೋಜನೆಯೊಂದು ಕಾಗದದ ಮೇಲೆ ತಯಾರಾಗಿತ್ತು. ಅದಕ್ಕೆ ಮುಂಚೆ ಯೋಜನೆಯವರಿಗೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಬೇಸಿಗೆಯಲ್ಲಿ ಈ ಹಳ್ಳ ಎಷ್ಟು ಇಳಿಯುತ್ತದೆ? ಯಾವತ್ತಾದರೂ ನಿಲ್ಲುತ್ತದೆಯೇ? ನಿಲ್ಲುವ ಹಳ್ಳವಾದರೆ ಕಟ್ಟೆ ಕಟ್ಟಿ ಪ್ರಯೋಜನವಿಲ್ಲ.

ಆ ಉತ್ತರ ಹುಡುಕಲು ಬಂದವನು ಅರವಿಂದ. ಇನ್ನೂ ಮೂವತ್ತು ತುಂಬದ ಹೈಡ್ರಾಲಜಿಸ್ಟ್. ನೀರಿನ ಹರಿವು ಅಳೆಯುವುದೇ ಅವನ ಓದು, ಅವನ ಕೆಲಸ. ವಾರಕ್ಕೊಮ್ಮೆ, ಸೋಮವಾರ, ಹಾಸನದಿಂದ ಜೀಪಿನಲ್ಲಿ ಬಂದು ನಮ್ಮ ಮನೆಯಲ್ಲೇ ಉಳಿಯುತ್ತಿದ್ದ. ನನ್ನನ್ನು ಆಂಟಿ ಎನ್ನುತ್ತಿದ್ದ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವನ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಹಾಸ್ಟೆಲಿನ ದಿನಗಳಿಗೆ ಕಿಟಕಿ ತೆರೆದ ಹಾಗಾಗುತ್ತಿತ್ತು. ಗುಡ್ಡದ ಮನೆಯಲ್ಲಿ ಕಾಫಿ ರೇಟು, ಆಳುಗಳ ಜ್ವರ, ಇವೆರಡನ್ನು ಬಿಟ್ಟು ಬೇರೆ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಗೂಡಿನೊಳಗಿದ್ದದ್ದು ಅವನ ರೆಕಾರ್ಡರ್. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟವಾಗಿತ್ತು. ಹಳ್ಳದಿಂದ ಒಂದು ಪೈಪು ದಡದ ಪಕ್ಕ ತೋಡಿದ ಸಣ್ಣ ಬಾವಿಗೆ ಬರುತ್ತದೆ. ಹಳ್ಳ ಏರಿದರೆ ಬಾವಿಯ ನೀರೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಆ ನೀರಿನ ಮೇಲೊಂದು ತೇಲುಗುಂಡು, ಅದಕ್ಕೊಂದು ತಂತಿ, ತಂತಿಯ ತುದಿಗೆ ಪೆನ್ನು. ಕೀಲಿ ಕೊಟ್ಟ ಗಡಿಯಾರವೊಂದು ಕಾಗದ ಸುತ್ತಿದ ಉರುಳೆಯನ್ನು ನಿಧಾನ ತಿರುಗಿಸುತ್ತಿದ್ದರೆ ಪೆನ್ನು ಅದರ ಮೇಲೆ ನೀಲಿ ಗೆರೆ ಎಳೆಯುತ್ತ ಹೋಗುತ್ತದೆ. ವಾರಕ್ಕೊಂದು ಕಾಗದ. "ನೋಡಿ ಆಂಟಿ," ಎಂದು ಅರವಿಂದ ಒಮ್ಮೆ ಗೆರೆಯ ಮೇಲೆ ಬೆರಳಾಡಿಸಿ ತೋರಿಸಿದ್ದ. ದಿನಾ ಮಧ್ಯಾಹ್ನ ಗೆರೆ ಒಂದು ಕೂದಲಿನಷ್ಟು ಕೆಳಗೆ ಬಾಗಿ ರಾತ್ರಿ ಮತ್ತೆ ಮೇಲೇರುತ್ತಿತ್ತು. "ಬಿಸಿಲಲ್ಲಿ ದಡದ ಮರಗಳೆಲ್ಲ ನೀರು ಕುಡೀತವೆ. ಅದೂ ಇಲ್ಲಿ ಗೊತ್ತಾಗುತ್ತೆ." ನನಗೆ ಮೈ ಜುಮ್ಮೆಂದಿತ್ತು. ಮರ ನೀರು ಕುಡಿದದ್ದನ್ನೂ ಬರೆದಿಡುವ ಪೆನ್ನು!

ನಮ್ಮ ಯಜಮಾನರ ದಾಯಾದಿ ತಮ್ಮ ಧರ್ಮೇಗೌಡರಿಗೆ ಮಾತ್ರ ಇದೆಲ್ಲ ತಮಾಷೆ. ಹಳ್ಳದ ಕೆಳಗೆ ಅವರ ಗದ್ದೆ. ಯೋಜನೆ ಬಂದರೆ ಗದ್ದೆಗೆ ನೀರಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹುಡುಗನ ಮೇಲೆ ಸಿಟ್ಟು ಮಾಡಿದವರಲ್ಲ. ಬಂದಾಗಲೆಲ್ಲ, "ಏನಪ್ಪ ಸೈಂಟಿಸ್ಟು, ನಮ್ ಹಳ್ಳುಕ್ಕೆ ಇಸಿಜಿ ತೆಗ್ದಾಯ್ತಾ? ಹಾರ್ಟು ಚೆಂದಾಗೈತಾ?" ಎಂದು ಕಾಲೆಳೆಯುತ್ತಿದ್ದರು. "ಚೆನ್ನಾಗಿದೆ ಗೌಡ್ರೇ, ನಿಮಗಿಂತ ಗಟ್ಟಿ" ಎಂದು ಅವನೂ ನಗುತ್ತಿದ್ದ.

ಅವನು ನಗುವುದು ಕಡಿಮೆಯಾದದ್ದು ನಾನು ಹೇಳಹೊರಟ ಆ ಮಧ್ಯಾಹ್ನದ ಹಿಂದಿನ ಮಳೆಗಾಲದಲ್ಲಿ. ಹರಿವಿನ ವೇಗ ಅಳೆಯಲು ಅವನ ಹತ್ತಿರ ಇನ್ನೊಂದು ಉಪಕರಣ, ಒಂದು ಮೀಟರ್, ಇತ್ತು. ಗಾಳಿಗೆ ತಿರುಗುವ ಗಿರಗಟ್ಟೆಯ ಹಾಗೆ ನೀರಿಗೆ ತಿರುಗುವ ಸಣ್ಣ ಸಣ್ಣ ಬಟ್ಟಲುಗಳು, ಹಿಂದೆ ಬಾಲ, ಕೆಳಗೆ ಮೀನಿನ ಆಕಾರದ ಸೀಸದ ತೂಕ. ಪರದೇಶದಿಂದ ತರಿಸಿದ್ದು. ಲೈನಿನವರು ಅದಕ್ಕೆ ಮೀನಿನ ಮಿಷನ್ನು ಎಂದು ಹೆಸರಿಟ್ಟಿದ್ದರು. ಹಳ್ಳ ದಾಟಲು ಹಾಕಿದ್ದ ಮರದ ಸಂಕದ ಮೇಲೆ ನಿಂತು ಅದನ್ನು ಹಗ್ಗದಲ್ಲಿ ಇಳಿಬಿಟ್ಟಿದ್ದಾಗ ನೆರೆ ನುಗ್ಗಿ ಹಗ್ಗ ಹರಿಯಿತು. ಸಂಕದ ಕೆಳಗೇ ದೊಡ್ಡ ಮಡು; ನಮ್ಮ ಹಳ್ಳದಲ್ಲಿ ತಳ ಕಾಣದ ಜಾಗ ಅದೊಂದೇ. ನೆರೆ ಇಳಿದ ಮೇಲೆ ಹುಡುಕಿಸಿದರು, ಸಿಗಲಿಲ್ಲ. ಅರವಿಂದನ ಮೇಲಿನವರು ನಂಬಲಿಲ್ಲ. ಮಾರಿಕೊಂಡು ನೆರೆಯ ಕಥೆ ಹೇಳುತ್ತಿದ್ದಾನೆ ಎಂದು ಬೆನ್ನ ಹಿಂದೆ ಆಡಿಕೊಂಡರಂತೆ. ಅವನು ಇದನ್ನು ನನಗೆ ಒಂದೇ ಸಲ ಹೇಳಿದ್ದು. ಹೇಳುವಾಗ ಜಗಲಿಯ ಕಂಬದ ಬಣ್ಣ ಉಗುರಲ್ಲಿ ಕೆರೆಯುತ್ತಿದ್ದ.

ಇನ್ನು ಆ ಮಧ್ಯಾಹ್ನ. ಹೂವಿನ ಮಳೆಗೆ ಕಾಯುತ್ತಿದ್ದ ದಿನಗಳು ಅವು. ಕಾಫಿ ಗಿಡದಲ್ಲಿ ಮೊಗ್ಗು ಬಂದು ನಿಂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಅರಳುತ್ತದೆ, ಬೀಳದಿದ್ದರೆ ಕರಟುತ್ತದೆ. ಆ ದಿನಗಳಲ್ಲಿ ಕಾಫಿಯವರ ಮನೆಯಲ್ಲಿ ಯಾರೂ ಸಮಾಧಾನವಾಗಿರುವುದಿಲ್ಲ. ಯಜಮಾನರು ಮೋಡ ನೋಡಿ ನೋಡಿ ಬೇಸತ್ತು, ಏನೋ ನೆಪ ಮಾಡಿಕೊಂಡು ಹಾಸನಕ್ಕೆ ಹೋಗಿದ್ದರು. ಗುರುವಾರ. ಕರೆಂಟು ಬೆಳಗಿನಿಂದಲೂ ಇರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದೆ. ದ್ಯಾವಮ್ಮ ಕಾಫಿ ತಂದು ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು. ಬಹಳ ಬಿಸಿ ಇತ್ತು, ಆರಲಿ ಎಂದು ಬಿಟ್ಟೆ.

ಆಗ ಏನೋ ತಪ್ಪಿದ ಹಾಗಾಯಿತು. ಏನೆಂದು ಮೊದಲು ಹೊಳೆಯಲಿಲ್ಲ. ಯಾರೋ ಕೋಣೆಯಿಂದ ಎದ್ದು ಹೋದಾಗ ಆಗುತ್ತದಲ್ಲ, ಹಾಗೆ. ಎದ್ದು ಒಳಗೆ ನೋಡಿದೆ, ಅಂಗಳ ನೋಡಿದೆ. ಆಮೇಲೆ ಗೊತ್ತಾಯಿತು: ಹಳ್ಳದ ಸದ್ದು ಇಲ್ಲ. ಮದುವೆಯಾಗಿ ಬಂದ ದಿನದಿಂದ ಕಿವಿಯೊಳಗೇ ಇದ್ದ ಸದ್ದು. ಇದೆ ಎನ್ನುವುದನ್ನೇ ನಾನು ಮರೆತಿದ್ದೆ. ಅದು ಇಲ್ಲದಾಗ ಕಿವಿ ನೋಯುವ ಹಾಗಾಯಿತು.

ಚಪ್ಪಲಿ ಮೆಟ್ಟಿ ತೋಟದ ಇಳಿಜಾರಿನಲ್ಲಿ ಇಳಿದೆ. ಅರ್ಧ ದಾರಿಯಲ್ಲಿ, ಒಂದು ಹಳೆಯ ಹಲಸಿನ ಮರದ ಹತ್ತಿರ, ಟಿಕ್ ಟಿಕ್ ಕೇಳಿಸಿತು. ಅಷ್ಟು ದೂರಕ್ಕೆ! ಮರದ ಬುಡದಲ್ಲಿ ನಿಂತುಬಿಟ್ಟೆ. ಹಕ್ಕಿಯಿಲ್ಲ, ಜೀರುಂಡೆಯಿಲ್ಲ. ಇಡೀ ಗುಡ್ಡದಲ್ಲಿ ನಡೆಯುತ್ತಿದ್ದದ್ದು ಆ ಗಡಿಯಾರ ಒಂದೇ. ವಾಪಸು ಹೋಗಿಬಿಡಲೇ ಅನ್ನಿಸಿತು. ಆದರೆ ಕಾಲು ಮುಂದಕ್ಕೇ ಹೋಯಿತು.

ಹಳ್ಳದಲ್ಲಿ ನೀರಿರಲಿಲ್ಲ. ಒಣಗಿತ್ತು ಎಂದು ಹೇಳುತ್ತಿಲ್ಲ, ನಿಂತು ಹೋಗಿತ್ತು. ಕಲ್ಲುಗಳೆಲ್ಲ ಒದ್ದೆ, ಪಾಚಿ ಹೊಳೆಯುತ್ತಿತ್ತು. ಕಲ್ಲಿನ ಸಂದಿಯಲ್ಲಿ ಒಂದು ಏಡಿ ದಿಕ್ಕು ತೋಚದೆ ಅತ್ತಿತ್ತ ಓಡಾಡುತ್ತಿತ್ತು. ಸಂಕದ ಹತ್ತಿರ ಹೋಗಿ ಮಡುವಿನೊಳಗೆ ಬಗ್ಗಿ ನೋಡಿದೆ. ತಳ ಕಾಣಿಸುತ್ತಿತ್ತು. ಕಪ್ಪು ಕೆಸರು, ಒಂದು ಮುರಿದ ಮಂಕರಿ, ಆಚೆ ದಡದ ನೇರಳೆ ಮರದ ಬೇರುಗಳು ಕೈಬೆರಳಿನ ಹಾಗೆ ಕೆಳಗಿಳಿದಿದ್ದವು. ಆ ಬೇರಿನ ಹಿಡಿಯೊಳಗೆ, ಬಾಲ ಮೇಲಾಗಿ, ಅರವಿಂದನ ಮೀನಿನ ಮಿಷನ್ನು ಸಿಕ್ಕಿಕೊಂಡಿತ್ತು. ಬಟ್ಟಲುಗಳಲ್ಲಿ ಒಂದು ಜಜ್ಜಿಹೋಗಿತ್ತು. ಅದನ್ನೂ ನೋಡಿದೆ.

ಖುಷಿಯಲ್ಲಿ ಇಳಿಯಲು ಹೊರಟೆ. ಈ ಹುಡುಗನ ಕಷ್ಟ ತೀರಿತು ಎನ್ನುವುದು ಬಿಟ್ಟು ಆ ಕ್ಷಣ ನನಗೆ ಬೇರೇನೂ ಹೊಳೆದಿರಲಿಲ್ಲ. ಎರಡು ಕಾಲೂ ಕಪ್ಪು ಕೆಸರಿನಲ್ಲಿ ಹೂತವು. ಕೆಸರು ಐಸಿನಷ್ಟು ತಣ್ಣಗಿತ್ತು. ಆಗ ಭಯ ಬಂತು, ತಡವಾಗಿ. ಮೇಲ್ಗಡೆ ನಿಂತ ನೀರು ಒಂದೇ ಸಲ ಬಂದರೆ? ಈಚೆ ದಡದ ಗಿಡ ಹಿಡಿದು ಹೇಗೋ ಮೇಲೆ ಹತ್ತಿ, ತಿರುಗಿ ನೋಡದೆ ಇಳಿಜಾರು ಏರಿದೆ. ಹಲಸಿನ ಮರ ದಾಟುವವರೆಗೂ ಬೆನ್ನ ಹಿಂದೆ ಟಿಕ್ ಟಿಕ್. ಆಮೇಲೆ ಅದು ಕೇಳಿಸಲಿಲ್ಲ, ಯಾಕೆಂದರೆ ಹಳ್ಳ ಮೊರೆಯುತ್ತಿತ್ತು. ನೀರು ಬಂದ ಸದ್ದಾಗಲಿಲ್ಲ. ಯಾವಾಗಲೂ ಇದ್ದ ಹಾಗೆ ಇತ್ತು, ಅಷ್ಟೇ.

ಜಗಲಿಗೆ ಬಂದಾಗ ದ್ಯಾವಮ್ಮ ಬಾಗಿಲಲ್ಲಿ ನಿಂತಿದ್ದಳು. "ಅಯ್ಯೋ, ಇದೇನ್ ಅಮ್ಮಾವ್ರೆ ಕಾಲು? ಈಗ್ತಾನೆ ಕಾಪಿ ಇಟ್ಟು ಒಳೀಕ್ ಹೋದೆ, ಅಷ್ಟ್ರಲ್ಲಿ ಎಲ್ಲೋಗಿ ಕೆಸರು ತುಳ್ಕಂಡ್ ಬಂದ್ರಿ?" ನನಗೆ ಅರ್ಧ ಗಂಟೆಯಾದರೂ ಕಳೆದ ಹಾಗಿತ್ತು. ಲೋಟ ಮುಟ್ಟಿದೆ. ಕೈ ಸುಟ್ಟಿತು. ಕೆನೆ ಕೂಡ ಕಟ್ಟಿರಲಿಲ್ಲ.

ಆ ಸಂಜೆ ಯಜಮಾನರು ಬಂದ ಮೇಲೆ ಎಲ್ಲ ಹೇಳಿದೆ. "ನಿದ್ದೆ ಹೊಡ್ದಿದೀಯ ಕಣೇ," ಎಂದರು. ಚಪ್ಪಲಿಯ ಕೆಸರು ತೋರಿಸಿದೆ. "ನಿದ್ದೇಲಿ ನಡ್ದಿದೀಯ." ಆಮೇಲೆ ಸ್ವಲ್ಪ ಯೋಚಿಸಿ, ಮೇಲಿನ ಎಸ್ಟೇಟಿನವರು ಹೂವಿಗೆ ನೀರು ಹಾರಿಸಲು ಪಂಪು ಹಾಕಿರಬೇಕು ಎಂದರು. ಅಲ್ಲಿಗೆ ಫೋನ್ ಮಾಡಿ ಕೇಳಿದ್ದೂ ಆಯಿತು. ಕರೆಂಟಿಲ್ಲದೆ ಅವರೂ ಕೈಕಟ್ಟಿ ಕೂತಿದ್ದರಂತೆ. ಆ ರಾತ್ರಿ ನನಗೆ ನಿದ್ದೆಯೇ ಇಲ್ಲ. ಹಳ್ಳ ಹರಿಯುತ್ತಿದೆಯೋ ಇಲ್ಲವೋ ಎಂದು ಎದ್ದೆದ್ದು ಕಿವಿ ಕೊಡುವ ನನ್ನ ಈ ಚಟ ಶುರುವಾದದ್ದು ಆವತ್ತು.

ಸೋಮವಾರ ಅರವಿಂದ ಬಂದ. ನಾನು ಹೇಳಿದ್ದನ್ನು ಮರ್ಯಾದೆಯಿಂದ ಕೇಳಿಸಿಕೊಂಡ. ಮುಖದಲ್ಲಿ ಸಣ್ಣ ನಗು. ಇಬ್ಬರೂ ಗೂಡಿಗೆ ಹೋಗಿ ಆ ವಾರದ ಕಾಗದ ಬಿಚ್ಚಿದೆವು. ಗುರುವಾರ ಮಧ್ಯಾಹ್ನದ ಗೆರೆ ಉಳಿದ ದಿನಗಳ ಹಾಗೇ ಇತ್ತು.

"ಪೈಪು ಕಟ್ಟಿರಬಹುದು ಆಂಟಿ," ಎಂದ. "ಆಗ ಹಳ್ಳ ನಿಂತರೂ ಬಾವಿಯ ನೀರು ಇಳಿಯಲ್ಲ." ಬಾವಿಗೆ ಕೊಡಗಟ್ಟಲೆ ನೀರು ಸುರಿದು ನೋಡಿದ. ತಕ್ಷಣ ಪೈಪಿನಿಂದ ಹಳ್ಳಕ್ಕೆ ಇಳಿದುಹೋಯಿತು. ಪೈಪು ಸ್ವಚ್ಛವಾಗಿತ್ತು. ಮೇಲಾಗಿ ಪೈಪು ಕಟ್ಟಿದ್ದರೆ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿರಬೇಕಿತ್ತು. ಇಲ್ಲಿ ಆ ಕೂದಲಿನಷ್ಟು ಬಾಗು ಇತ್ತು. ನಾನು ಬರಿಯ ಕಲ್ಲುಗಳನ್ನು ನೋಡುತ್ತ ನಿಂತಿದ್ದ ಹೊತ್ತಿನಲ್ಲಿ ಮರಗಳು ಇಲ್ಲದ ನೀರನ್ನು ಕುಡಿಯುತ್ತಿದ್ದವು ಎಂದ ಹಾಗಾಯಿತು.

"ಆಂಟಿ, ಹಳ್ಳ ನಿಂತಿಲ್ಲ."

"ನಾನು ನೋಡಿದೆ ಅರವಿಂದ."

"ನೀವು ನೋಡಿಲ್ಲ ಅಂತ ನಾನು ಹೇಳ್ತಾ ಇಲ್ಲ."

ಮನೆಗೆ ಬಂದು ಕಾಫಿಗೆ ಕೂತಾಗ ಹೇಳಿದೆ. ಆವರೆಗೆ ಹೇಳದೆ ಇಟ್ಟುಕೊಂಡಿದ್ದೆ, ಇಲ್ಲದ ಆಸೆ ಹುಟ್ಟಿಸಬಾರದೆಂದು. "ನಿನ್ನ ಮೀಟರ್ ಕೂಡ ಅಲ್ಲೇ ಇತ್ತಪ್ಪ. ನೇರಳೆ ಬೇರಿನ ಸಂದಿಯಲ್ಲಿ. ಬಾಲ ಮೇಲೆ. ಒಂದು ಬಟ್ಟಲು ಜಜ್ಜಿದೆ." ಅವನು ಲೋಟ ಕೆಳಗಿಟ್ಟ. ನಗು ಹೋಗಿತ್ತು.

ಧರ್ಮೇಗೌಡರಿಗೆ ಸುದ್ದಿ ಹೇಗೆ ಮುಟ್ಟಿತೋ, ದ್ಯಾವಮ್ಮನೇ ಮುಟ್ಟಿಸಿರಬೇಕು. ಅರ್ಧ ಗಂಟೆಯಲ್ಲಿ ಹಾಜರು. ಚಿಕ್ಕಂದಿನಿಂದ ಈಜಿದ ಮಡು ಅದು, ನಾನೇ ಮುಳುಗುತ್ತೇನೆ ಎಂದರು. ಐವತ್ತು ದಾಟಿದ ಮನುಷ್ಯ ಪಂಚೆ ಬಿಚ್ಚಿಟ್ಟು, ಪಟ್ಟೆ ಚಡ್ಡಿಯಲ್ಲಿ ದಡದ ಮೇಲೆ ನಿಂತು, "ಅತ್ತಿಗೆ, ಆ ಕಡೆ ತಿರುಕ್ಕಳಿ, ನಂಗೆ ನಾಚ್ಕೆ ಆಯ್ತದೆ" ಎಂದು ಕೂಗಿದ್ದಕ್ಕೆ ಲೈನಿನ ಹೆಂಗಸರೆಲ್ಲ ನಕ್ಕರು. ಎರಡು ಸಲ ಬರಿಗೈಯಲ್ಲಿ ಎದ್ದರು. ಮೂರನೆಯ ಸಲ ಬಹಳ ಹೊತ್ತು ಮೇಲೆ ಬರಲೇ ಇಲ್ಲ. ಯಾರೂ ನಗುತ್ತಿರಲಿಲ್ಲ. ಆಮೇಲೆ ನೀರು ಸೀಳಿ ತಲೆ ಬಂತು, ತಲೆಯ ಪಕ್ಕ ಕೈ, ಕೈಯಲ್ಲಿ ಸೀಸದ ಮೀನು.

"ಬೇರಲ್ಲಿ ಸಿಕ್ಕಾಕ್ಕಂಡಿತ್ತು ಕಣ್ರೀ! ಅತ್ತಿಗೆ ಹೇಳ್ದಂಗೇ, ಬಾಲ ಮೇಲೆ! ಕೀಳಕ್ಕೆ ಪ್ರಾಣ ಹೋಗ್ಬುಡ್ತು!"

ಅರವಿಂದ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟಿದ. ಜಜ್ಜಿದ್ದರ ಮೇಲೆ ಬೆರಳು ನಿಂತಿತು. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ನೋಡಿದರೆ ಯಾರೋ ಏನನ್ನೋ ಕಿತ್ತುಕೊಂಡ ಹಾಗಿತ್ತು.

ಆವತ್ತು ರಾತ್ರಿ ಅವನು ಊಟ ಸರಿಯಾಗಿ ಮಾಡಲಿಲ್ಲ. ಜಗಲಿಯಲ್ಲಿ ಕೂತು ಅವನೇ ಬಾಯಿಬಿಟ್ಟ. ಮೀಟರ್ ಸಿಕ್ಕಿತು, ಅವನ ಹೆಸರಿನ ಮೇಲಿನ ಕಲೆ ಹೋಯಿತು. ಆದರೆ ಅದು ಸಿಕ್ಕಿದ್ದು ನಾನು ನೋಡಿದ್ದರಿಂದ, ನಾನು ನೋಡಿದ್ದು ಹಳ್ಳ ನಿಂತಿದ್ದರಿಂದ. ಹಳ್ಳ ನಿಂತಿತ್ತು ಎಂದಾದರೆ ರೆಕಾರ್ಡರ್ ಸುಳ್ಳು ಬರೆದಿದೆ. "ಆ ಒಂದು ಹೊತ್ತು ಅದು ಸುಳ್ಳಾದರೆ, ಉಳಿದ ಮೂರು ವರ್ಷಾನ ನಾನು ಯಾವ ಧೈರ್ಯದ ಮೇಲೆ ನಂಬಲಿ ಆಂಟಿ?" ನಾನು ಅವನಿಗೆ ಸಮಾಧಾನ ಹೇಳಲು ನೋಡಿದೆ. ಮುದುಕಿಯಾಗುತ್ತಿರುವವಳ ಒಂದು ಕನಸು ಅಂದುಕೋ, ರಿಪೋರ್ಟಿನಲ್ಲಿ ನನ್ನ ಮಾತು ಬೇಡ, ಜಸ್ಟ್ ಫರ್ಗೆಟ್ ಇಟ್ ಎಂದೆ. ಅವನು ಮೇಜಿನ ಮೇಲಿದ್ದ ಮೀಟರನ್ನು ತೋರಿಸಿದ. "ಇದು ಸಿಕ್ಕದೇ ಇದ್ದಿದ್ದರೆ ಮರೀತಿದ್ದೆ."

ಹೂವಿನ ಮಳೆ ಕೊನೆಗೂ ಬಂದು ತೋಟವೆಲ್ಲ ಬೆಳ್ಳಗಾಗಿ ಹೂವು ಉದುರಿದ ಮೇಲೆ ಆಲೂರಿನ ಒಂದು ಹಾಲ್‌ನಲ್ಲಿ ಸಭೆ ಕರೆದರು. ಯೋಜನೆಯ ಅಧಿಕಾರಿಗಳು, ಹಳ್ಳದ ಎರಡೂ ದಡದವರು, ಪಾಳ್ಯದ ಕಡೆಯ ಕೆಲವು ರೈತರು. ನಾನೂ ಯಜಮಾನರೂ ಹಿಂದಿನ ಸಾಲಿನಲ್ಲಿ ಕೂತೆವು. ಅರವಿಂದ ತನ್ನ ಕಾಗದಗಳನ್ನು ಗೋಡೆಗೆ ತೂಗುಹಾಕಿ ಬಹಳ ಚೆನ್ನಾಗಿ ವಿವರಿಸಿದ. ಮರಗಳು ನೀರು ಕುಡಿಯುವ ವಿಷಯ ಹೇಳಿದಾಗ ಜನ ಗುಸುಗುಸು ಮಾತಾಡಿ ತಲೆದೂಗಿದರು. ನನಗೆ ಹೆಮ್ಮೆಯೆನಿಸಿತು, ನನ್ನ ಮಗನೇ ನಿಂತು ಮಾತಾಡಿದ ಹಾಗೆ.

ಕೊನೆಗೆ ದೊಡ್ಡ ಅಧಿಕಾರಿ ಕೇಳಿದರು, "ಅದೆಲ್ಲ ಸರಿ. ಹಳ್ಳ ಯಾವತ್ತಾದರೂ ನಿಂತಿದೆಯೋ ಇಲ್ಲವೋ? ಎಸ್ ಆರ್ ನೋ?"

ನೋ ಎಂದರೆ ಮುಗಿಯುತ್ತಿತ್ತು. ಅವನ ಮೂರು ವರ್ಷದ ಕೆಲಸ ಮುಗಿದು, ಹೆಸರು ಬಂದು, ಮುಂದಿನ ಮೆಟ್ಟಿಲು ಸಿಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತ ನನ್ನ ಕಡೆ ಅವನು ನೋಡಿದ. ನಾನು ತಲೆ ಅಡ್ಡಡ್ಡ ಆಡಿಸಿದೆ, ಬೇಡ ಎಂದು.

"ಯಂತ್ರದ ಪ್ರಕಾರ ನಿಂತಿಲ್ಲ ಸಾರ್," ಎಂದ. "ಆದರೆ ಒಂದು ಮಧ್ಯಾಹ್ನದ ಬಗ್ಗೆ ನಾನು ಹಾಗೆ ಹೇಳಲಾರೆ." ಆಮೇಲೆ ಎಲ್ಲವನ್ನೂ, ಒಂದನ್ನೂ ಬಿಡದೆ, ಲ್ಯಾಬಿನಲ್ಲಿ ಪ್ರಯೋಗ ವಿವರಿಸುವವನ ಧಾಟಿಯಲ್ಲಿ ಹೇಳಿದ. ಮುಂದಿನ ಸಾಲಿನಿಂದ ಯಾರೋ, "ಸ್ವಾಮಿ, ತಾವು ಸೈಂಟಿಸ್ಟೋ, ಶಾಸ್ತ್ರ ಹೇಳೋರೋ?" ಎಂದರು. ನಗು ಹರಡಿತು. ಮಡುವಿನಲ್ಲಿ ಮುಳುಗಿದವರು ಯಾರು ಎಂದು ಅಧಿಕಾರಿ ಕೇಳಿದ್ದಕ್ಕೆ ಧರ್ಮೇಗೌಡರು ಎದೆಯುಬ್ಬಿಸಿ ಎದ್ದರು. "ನಾನೇ ಸಾರ್!" "ನಿಮ್ಮ ಗದ್ದೆ ಎಲ್ಲಿದೆ?" "ಹಳ್ಳದ್ ಕೆಳ್ಗೇ ಐತೆ ಸಾರ್." ಈ ಸಲ ಇನ್ನೂ ಜೋರು ನಗು. ಗದ್ದೆ ಉಳಿಸಿಕೊಳ್ಳಲು ಮೀಟರನ್ನು ಇವರೇ ಅಲ್ಲಿಟ್ಟು ತೆಗೆದಿದ್ದಾರೆ ಎಂದು ಜನಕ್ಕೆ ಅನ್ನಿಸಿತ್ತು. ಪಾಪ, ಯಾಕೆ ನಗುತ್ತಿದ್ದಾರೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ, "ನಾನ್ಯಾಕ್ರೀ 'ಇಟ್ಟು' ತೆಗೀಲಿ? ನನ್ ಮಕ್ಳಾಣೆ ಬೇರಲ್ಲಿತ್ತು!" ಎಂದು ಕೂಗಿದರು. ಕೇಳುವವರು ಯಾರು?

ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಹಾಸ್ಟೆಲಿನ ಇಂಗ್ಲಿಷೇ ಬಾಯಿಗೆ ಬಂತು, "ಐ ನೋ ವಾಟ್ ಐ ಸಾ" ಎಂದೆ. "ಥ್ಯಾಂಕ್ ಯೂ ಮೇಡಂ, ದಯವಿಟ್ಟು ಕೂತ್ಕೊಳ್ಳಿ" ಎಂದರು, ಬಹಳ ವಿನಯದಿಂದ. ಆ ವಿನಯ ನಗುವಿಗಿಂತ ಕೆಟ್ಟದಾಗಿತ್ತು.

ಅರವಿಂದನ ಅಳತೆಗಳನ್ನು ಆಧಾರವಾಗಿ ಇಟ್ಟುಕೊಳ್ಳುವುದು ಬೇಡ ಎಂದು ತೀರ್ಮಾನವಾಯಿತು. ಅವನನ್ನು ಬೇರೆಲ್ಲೋ ಹಾಕಿದರು. ಮತ್ತೆ ಅಳೆಯಲು ಯಾರೂ ಬರಲಿಲ್ಲ. ಯೋಜನೆ ಹಾಗೇ ಮಲಗಿತು. ಅದು ಮಲಗಿದ್ದು ಇದರಿಂದಲೋ, ಬೇರೆ ನೂರು ಕಾರಣಗಳಿಂದಲೋ ನನಗೆ ಗೊತ್ತಿಲ್ಲ. ಧರ್ಮೇಗೌಡರು ಕೊನೆಯವರೆಗೂ ಆ ಗದ್ದೆಯಲ್ಲಿ ಭತ್ತ ಬೆಳೆದರು. "ನಿಮ್ ದೆಸೆಯಿಂದ ಅತ್ತಿಗೆ" ಎನ್ನುತ್ತಿದ್ದರು. ನನಗೆ ಆ ಮಾತು ಕೇಳಿದಾಗೆಲ್ಲ ಮೈಮೇಲೆ ಏನೋ ಹರಿದ ಹಾಗಾಗುತ್ತಿತ್ತು. ಯಾಕೆಂದರೆ ಗದ್ದೆ ಉಳಿದ ಲೆಕ್ಕದ ಇನ್ನೊಂದು ಬದಿಯಲ್ಲಿ ಆ ಹುಡುಗನಿದ್ದ.

ಎಷ್ಟೋ ರೀತಿ ಯೋಚಿಸಿದ್ದೇನೆ. ಕನಸು ಎಂದರೆ ಕೆಸರು ಅಡ್ಡ ಬರುತ್ತದೆ. ನಿದ್ದೆಯಲ್ಲಿ ನಡೆದೆ ಎಂದರೆ ಜಜ್ಜಿದ ಬಟ್ಟಲು. ಹಳ್ಳ ನಿಜವಾಗಿ ನಿಂತಿತ್ತು ಎಂದರೆ ಆ ನೀಲಿ ಗೆರೆ. ಮತ್ತೆ ಆ ಕಾಫಿ. ಹೇಗೆ ಕೂಡಿಸಿದರೂ ಒಂದು ಉಳಿಯುತ್ತದೆ. ದ್ಯಾವಮ್ಮ ಒಬ್ಬಳೇ ತಲೆ ಕೆಡಿಸಿಕೊಳ್ಳಲಿಲ್ಲ. "ಈಗ ನಾನ್ ಅನ್ಲಾ ನಾನ್ಸೆನ್ಸು?" ಎಂದು ಒಮ್ಮೆ ಕೇಳಿ, ನನ್ನ ಮುಖ ನೋಡಿ, ಅನ್ನದೇ ಒಳಗೆ ಹೋದಳು.

ಅರವಿಂದನನ್ನು ನಾನು ಕೊನೆಯ ಸಲ ನೋಡಿದ್ದು ರೆಕಾರ್ಡರ್ ಬಿಚ್ಚಿಕೊಂಡು ಹೋಗಲು ಅವನು ಬಂದ ದಿನ. ಮಳೆಗಾಲ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ. ತೇಲುಗುಂಡು, ತಂತಿ, ಉರುಳೆ ಎಲ್ಲವನ್ನೂ ಬಿಚ್ಚಿ, ಗಡಿಯಾರವನ್ನು ನಿಲ್ಲಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ನಮ್ಮ ಅಂಗಳದಲ್ಲಿ ನಿಂತಿದ್ದ ಜೀಪಿಗೆ ಏರಿಸಿದ. ಕಾಫಿ ಕುಡಿದ. ಸಿಟ್ಟಿದೆಯೇನಪ್ಪ ಎಂದು ಕೇಳಬೇಕೆಂದಿದ್ದೆ. ಅವನೇ ಕೇಳಿದ, "ಆಂಟಿ, ನಿಮಗೆ ಆ ಟಿಕ್ ಟಿಕ್ ಸದ್ದು ಕೇಳಿಸಿದ್ದು ಎಲ್ಲಿ ನಿಂತಾಗ?"

ಜಗಲಿಯಿಂದಲೇ ಹಲಸಿನ ಮರ ತೋರಿಸಿದೆ. ಅವನು ಇಳಿಜಾರಿನಲ್ಲಿ ಇಳಿದು ಅದರ ಬುಡದಲ್ಲಿ ನಿಂತ. ಕೆಳಗೆ ಹಳ್ಳ ಎಂದಿನಂತೆ ಮೊರೆಯುತ್ತಿತ್ತು. ಗೂಡು ಖಾಲಿ, ಅದರ ಬಾಗಿಲು ತೆರೆದೇ ಇತ್ತು. ಬಹಳ ಹೊತ್ತು ನಿಂತ. ಡ್ರೈವರ್ ಹಾರ್ನ್ ಹೊಡೆದ, ಅವನು ತಿರುಗಲಿಲ್ಲ. ಕತ್ತು ಒಂದಿಷ್ಟು ವಾಲಿತ್ತು, ಕಣ್ಣು ಮುಚ್ಚಿತ್ತೋ ಏನೋ, ಮುಖ ಹಳ್ಳದ ಕಡೆಗಿದ್ದದ್ದರಿಂದ ಗೊತ್ತಾಗಲಿಲ್ಲ. ಆದರೆ ಅವನ ಬಲಗೈ ತೊಡೆಯ ಪಕ್ಕ ಇಳಿಬಿದ್ದಿತ್ತು, ಅದರ ಒಂದು ಬೆರಳು ಪ್ಯಾಂಟಿನ ಮೇಲೆ ನಿಧಾನವಾಗಿ, ಒಂದೇ ಸಮನೆ ಬಡಿಯುತ್ತಿದ್ದದ್ದು ಮಾತ್ರ ನನಗೆ ಜಗಲಿಯಿಂದ ಚೆನ್ನಾಗಿ ಕಾಣುತ್ತಿತ್ತು.